ವಾದಪತ್ರದ ತಿದ್ದುಪಡಿ

ವ್ಯಾಜ್ಯಕ್ಕೆ ಹೋಗುವವನು ಮೊತ್ತಮೊದಲು ಮಾಡಬೇಕಾದ ಕೆಲಸ ಬರೆಯುವುದು. ಸಾಕ್ಷಿಗಳನ್ನು ಕರೆಯುವುದಕ್ಕೆ ಮುಂಚೆ, ವಕೀಲರು ಎದ್ದುನಿಂತು ವಾದಿಸುವುದಕ್ಕೆ ಮುಂಚೆ, ತನಗೆ ಒದಗಿರುವ ಅನ್ಯಾಯವೇನು, ತಾನು ಬೇಡುವ ಪರಿಹಾರವೇನು ಎಂಬುದನ್ನು ಅವನು ಕಾಗದದ ಮೇಲಿಟ್ಟು ನ್ಯಾಯಸ್ಥಾನಕ್ಕೆ ಒಪ್ಪಿಸತಕ್ಕದ್ದು. ಇದಕ್ಕೆ ವಾದಪತ್ರವೆಂದು ಹೆಸರು. ಎದುರಾಳಿಯು ಇದಕ್ಕೆ ಬರೆದುಕೊಡುವ ಜವಾಬೇ ಪ್ರತಿವಾದಪತ್ರ. ಹೊಲಕ್ಕೆ ಬದುವಿರುವಂತೆ ವ್ಯಾಜ್ಯಕ್ಕೆ ಈ ಎರಡು ಬರೆಹಗಳು. ಬದುವಿನ ಹೊರಗಡೆ ಎಷ್ಟು ಒಳ್ಳೆಯ ಫಸಲು ಬಿಟ್ಟಿದ್ದರೂ ಅದು ಕೊಯ್ಯುವವನ ಕಣಜಕ್ಕೆ ಬರುವುದಿಲ್ಲ. ಬರೆಹದಲ್ಲಿ ಎತ್ತದೆ ಇದ್ದ ವಾದಕ್ಕೆ ಎಷ್ಟೇ ಸಾಕ್ಷ್ಯವನ್ನು ತಂದು ಸುರಿದರೂ ಅದನ್ನು ನೋಡಲಾಗದೆಂದು ಪ್ರಿವಿ ಕೌನ್ಸಿಲಿನವರು ೧೯೩೦ರಲ್ಲಿ ಹೇಳಿದ ಮಾತು ನಮ್ಮ ನ್ಯಾಯಾಲಯಗಳಲ್ಲಿ ಇಂದಿಗೂ ಪ್ರಮಾಣವಾಗಿ ಉಲ್ಲೇಖವಾಗುತ್ತಿದೆ.

ಹೀಗಿರುವಲ್ಲಿ ಒಂದು ಸಂಗತಿಯನ್ನು ಕಲ್ಪಿಸಿಕೊಳ್ಳೋಣ. ಗೃಹಸ್ಥನೊಬ್ಬನು ಮನೆ ಕಟ್ಟುವುದಕ್ಕೆಂದು ಒಂದು ನಿವೇಶನವನ್ನು ಕೊಳ್ಳಲು ಕರಾರು ಮಾಡಿಕೊಂಡು, ಜೀವಮಾನದ ಉಳಿತಾಯದಲ್ಲಿ ಮುಕ್ಕಾಲು ಪಾಲನ್ನು ಮುಂಗಡವಾಗಿ ಕೊಟ್ಟಿದ್ದಾನೆ. ನಿವೇಶನದ ಬೆಲೆ ಏರಿತು. ಮಾರುವವನ ಮನಸ್ಸು ತಿರುಗಿತು. ಗೃಹಸ್ಥನು ದಾವಾ ಹೂಡಿ, ಕರಾರಿನಂತೆ ಕ್ರಯಪತ್ರವನ್ನು ಬರೆಯಿಸಿಕೊಡಬೇಕೆಂದು ಬೇಡಿದನು. ಎರಡು ವರ್ಷ ಕಳೆದ ಮೇಲೆ ಒಂದು ದಿನ ಕಾಗದಗಳನ್ನು ತಿರುವಿಹಾಕುತ್ತಿರುವಾಗ ಎರಡು ಕೊರತೆಗಳು ಕಣ್ಣಿಗೆ ಬಿದ್ದವು. ಷೆಡ್ಯೂಲಿನಲ್ಲಿ ಚೆಕ್ಕುಬಂದಿ ಬರೆಯುವಾಗ ಗುಮಾಸ್ತೆಯು ಪೂರ್ವಪಶ್ಚಿಮಗಳನ್ನು ಅದಲುಬದಲು ಮಾಡಿಬಿಟ್ಟಿದ್ದಾನೆ. ಅಷ್ಟಲ್ಲದೆ, ಕ್ರಯಪತ್ರವನ್ನು ಬೇಡಿರುವುದು ನಿಜವಾದರೂ ನಿವೇಶನವನ್ನು ಸ್ವಾಧೀನಕ್ಕೆ ಕೊಡಿಸಬೇಕೆಂಬ ಬೇಡಿಕೆಯೇ ವಾದಪತ್ರದಲ್ಲಿ ಇಲ್ಲ. ಕರಾರಿನ ಪಾಲನೆಗಾಗಿ ದಾವಾ ಹೂಡಲು ಕಾಯಿದೆಯು ಕೊಟ್ಟಿರುವ ಅವಧಿ ಮೂರೇ ವರ್ಷ. ಆಡಿದ ಮಾತು, ಒಡೆದ ಮುತ್ತು ಎಂಬ ಗಾದೆಯಂತೆ ಈ ಗೃಹಸ್ಥನು ಬರೆದದ್ದೂ ಹೋಯಿತೆ? ಅಥವಾ ನ್ಯಾಯಾಧಿಪತಿಗಳ ಅಪ್ಪಣೆ ಪಡೆದು ಅದನ್ನು ತಿದ್ದಿಕೊಳ್ಳಬಹುದೆ?

ಈ ಪ್ರಶ್ನೆ ಇಂಗ್ಲಿಷರ ಕಾಯಿದೆಯೊಡನೆ ನಮ್ಮ ದೇಶಕ್ಕೆ ಬಂದದ್ದೆಂದು ಯಾರೂ ಭಾವಿಸಬೇಕಾದದ್ದಿಲ್ಲ. ಚಾಲುಕ್ಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇಂದಿನ ಬಸವಕಲ್ಯಾಣವಾದ ಕಲ್ಯಾಣಪಟ್ಟಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನಷ್ಟೆ. ಹಿಂದೂ ದಾಯಭಾಗದ ವಿಷಯದಲ್ಲಿ ಆ ಗ್ರಂಥದ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ವ್ಯಾಜ್ಯವನ್ನು ನಡೆಸುವ ಕ್ರಮವೂ ವಿಸ್ತಾರವಾಗಿ ಇದೆಯೆಂಬುದು ಅಷ್ಟಾಗಿ ತಿಳಿದಿಲ್ಲ. ವ್ಯವಹಾರಕ್ಕೆ ನಾಲ್ಕು ಪಾದಗಳು: ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಪ್ರಮಾಣಗಳನ್ನು ಮುಂದಿಡುವ ಕ್ರಿಯೆ, ಕೊನೆಗೆ ಸಾಧ್ಯಸಿದ್ಧಿ. ವಾದಿಯು ಹೇಳಿದ್ದನ್ನು ಮೊದಲು ನೆಲದ ಮೇಲೋ ಹಲಗೆಯ ಮೇಲೋ ಸೀಮೆಸುಣ್ಣದಂಥ ಬಿಳಿಯ ಕಡ್ಡಿಯಿಂದ ಬರೆದು, ಕಡಮೆಯಾದುದನ್ನು ಸೇರಿಸಿ, ಹೆಚ್ಚಾದುದನ್ನು ತೆಗೆದು, ಶುದ್ಧವಾದ ಬಳಿಕವೇ ಪತ್ರಕ್ಕೆ ಏರಿಸತಕ್ಕದ್ದೆಂದು ಪ್ರಾಚೀನರ ವಿಧಿ. ಈ ಶೋಧನೆಗೆ ಅವಧಿ ಎಲ್ಲಿಯವರೆಗೆ? ಪ್ರತಿವಾದಿಯು ಉತ್ತರ ಕೊಡುವವರೆಗೆ. ಉತ್ತರ ಬಂದಮೇಲೆ ತಿದ್ದುವ ಬಾಗಿಲು ಮುಚ್ಚಿತು. ಮೊದಲು ಒಂದನ್ನು ಹೇಳಿ ಆಮೇಲೆ ಮತ್ತೊಂದನ್ನು ಹೇಳುವವನಿಗೆ ಅನ್ಯವಾದಿಯೆಂದು ಹೆಸರಿಟ್ಟು, ವ್ಯಾಜ್ಯದಲ್ಲಿ ಹೀನರಾದವರ ಪಟ್ಟಿಗೆ ಅವನನ್ನು ಸ್ಮೃತಿಕಾರರು ಸೇರಿಸಿದರು.

ಇಷ್ಟು ಮಾತ್ರವೇ ಆಗಿದ್ದರೆ ಪ್ರಾಚೀನ ವಿಧಿಯು ಬಲು ಕಠಿನವೆಂದು ಹೇಳಬೇಕಾಗುತ್ತಿತ್ತು. ಆದರೆ ಇನ್ನೊಂದು ಮಾತಿದೆ, ನಮ್ಮ ಮಟ್ಟಿಗೆ ಮುಖ್ಯವಾದದ್ದು ಅದೇ. ಪಶು, ಭೂಮಿ, ಸಾಲ ಮೊದಲಾದ ಆಸ್ತಿಯ ವ್ಯಾಜ್ಯಗಳಲ್ಲಿ ಮಾತಿನಲ್ಲಿ ಎಡವಿದವನು ದಂಡಕ್ಕೆ ಅರ್ಹನಾದರೂ ಅವನ ಮೂಲವಾದ ಹಕ್ಕು ಅದರಿಂದ ನಷ್ಟವಾಗುವುದಿಲ್ಲವೆಂದು ನಾರದನ ಮತ. ವಿಜ್ಞಾನೇಶ್ವರನು ಅದನ್ನು ಎತ್ತಿಕೊಂಡು ಒಪ್ಪಿದ್ದಾನೆ. ಅರ್ಥಾತ್, ತಪ್ಪಿಗೆ ಬೆಲೆ ತೆರಬೇಕು. ಆ ಬೆಲೆ ಆಸ್ತಿಯೇ ಆಗಬಾರದು. ಹನ್ನೊಂದನೆಯ ಹನ್ನೆರಡನೆಯ ಶತಮಾನಗಳ ನಡುವೆ ಕನ್ನಡನಾಡಿನ ರಾಜಧಾನಿಯಲ್ಲಿ ಸ್ಥಿರಪಟ್ಟ ಈ ವಿವೇಕವನ್ನು ಇಂಗ್ಲೆಂಡಿನ ನ್ಯಾಯಾಧಿಪತಿಗಳು ತಮ್ಮದೇ ದಾರಿಯಲ್ಲಿ ನಡೆದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಂಡುಕೊಂಡರು. ಅವರ ಮಾತುಗಳ ಮೇಲೆಯೇ ನಮ್ಮ ಈಗಿನ ಕಾಯಿದೆಯ ಅರ್ಥ ಬೆಳೆದುಬಂದಿರುವುದರಿಂದ ಸ್ವಲ್ಪ ಆ ಕಡೆಗೆ ಹೋಗಿಬರುವುದು ಅವಶ್ಯಕ.

ಹಿಂದೆ ಇಂಗ್ಲೆಂಡಿನಲ್ಲಿ ವಾದದ ಬರೆಹವೆಂಬುದು ಒಂದು ವಿಧವಾದ ಮಂತ್ರಶಾಸ್ತ್ರವಾಗಿತ್ತು. ಅಕ್ಷರ ತಪ್ಪಿದರೆ ಫಲ ತಪ್ಪಿತು. ೧೮೭೩ ಮತ್ತು ೧೮೭೫ರ ಕಾಯಿದೆಗಳು ಆ ವ್ಯವಸ್ಥೆಯನ್ನು ಕಿತ್ತುಹಾಕಿದವು. ಅದಾದ ಕೆಲವೇ ವರ್ಷಗಳಲ್ಲಿ, ೧೮೭೮ರಲ್ಲಿ, ಬ್ರಾಮ್‌ವೆಲ್ ಎಂಬ ನ್ಯಾಯಾಧಿಪತಿಯು ತನ್ನ ಪದ್ಧತಿಯನ್ನು ಸ್ಪಷ್ಟವಾಗಿ ತಿಳಿಸಿದನು: ತಿದ್ದುಪಡಿ ಬೇಡುವವನಲ್ಲಿ ದುರುದ್ದೇಶವಿದ್ದರೆ, ಅಥವಾ ಅವನ ಪ್ರಮಾದದಿಂದ ಎದುರಾಳಿಗೆ ಖರ್ಚು ಕೊಡಿಸಿ ತೀರಿಸಲಾಗದ ಹಾನಿ ಆಗಿದ್ದರೆ ಅನುಮತಿ ಇಲ್ಲ, ಮಿಕ್ಕೆಲ್ಲ ಸಂದರ್ಭಗಳಲ್ಲಿಯೂ ಉಂಟು. ೧೮೮೪ರಲ್ಲಿ ಬೋವನ್ ಎಂಬ ನ್ಯಾಯಾಧಿಪತಿಯು ಮತ್ತೂ ಮುಂದೆ ಹೋಗಿ, ನ್ಯಾಯಸ್ಥಾನವಿರುವುದು ಕಕ್ಷಿಗಾರರ ಹಕ್ಕುಗಳನ್ನು ತೀರ್ಮಾನಿಸುವುದಕ್ಕೇ ಹೊರತು ವ್ಯಾಜ್ಯ ನಡೆಸುವುದರಲ್ಲಿ ಆದ ತಪ್ಪುಗಳಿಗಾಗಿ ಅವರನ್ನು ಶಿಕ್ಷಿಸುವುದಕ್ಕಲ್ಲವೆಂದನು. ಎದುರಾಳಿಗೆ ಅನ್ಯಾಯವಾಗದೆ ತಿದ್ದಲು ಸಾಧ್ಯವಿದ್ದರೆ ತಿದ್ದುಪಡಿಯು ಕೃಪೆಯಿಂದ ಕೊಡುವ ಭಿಕ್ಷೆಯಲ್ಲ, ಹಕ್ಕಿನಂತೆ ದೊರೆಯಬೇಕಾದದ್ದು. ವ್ಯಾಜ್ಯದ ಹುಣ್ಣುಗಳಿಗೆಲ್ಲ ಖರ್ಚೆಂಬ ದಿವ್ಯೌಷಧವೊಂದಿದೆ ಎಂಬುದು ಅವನ ಭಾವ.

ಔಷಧಿ ದಿವ್ಯವಾದರೂ ಎಲ್ಲ ರೋಗಕ್ಕೂ ನಾಟುವುದಿಲ್ಲವೆಂಬುದು ಮೂರೇ ವರ್ಷಗಳಲ್ಲಿ ತಿಳಿದುಬಂತು. ಶ್ರೀಮತಿ ಜಾರ್ಜಿನಾ ವೆಲ್ಡನ್ ಎಂಬಾಕೆ ಆ ಕಾಲದ ಲಂಡನ್ನಿನಲ್ಲಿ ವಕೀಲರ ಹಂಗಿಲ್ಲದೆ ತನ್ನ ವ್ಯಾಜ್ಯಗಳನ್ನು ತಾನೇ ನಡೆಸಿ ಹೆಸರಾಗಿದ್ದವಳು. ಮಾನಹಾನಿಯ ಮಾತಾಡಿದರೆಂದು ಆಕೆ ಹೂಡಿದ ಒಂದು ದಾವಾದಲ್ಲಿ, ಹಲ್ಲೆ, ಅಕ್ರಮ ಬಂಧನ ಮುಂತಾದ ಹೊಸ ಆಪಾದನೆಗಳನ್ನು ತಿದ್ದುಪಡಿಯ ಮೂಲಕ ಸೇರಿಸಹೋದಳು. ಮೊದಲು ದಾವಾ ಹೂಡಿದಾಗ ಅವುಗಳಿಗೆ ಕಾಲಮಿತಿ ಕಳೆದಿರಲಿಲ್ಲ. ತಿದ್ದುವ ಹೊತ್ತಿಗೆ ಕಳೆದುಹೋಗಿತ್ತು. ೧೮೮೭ರಲ್ಲಿ ಲಾರ್ಡ್ ಎಷರನು ಇದಕ್ಕೆ ಒಪ್ಪಲಿಲ್ಲ. ಇಂದು ಹೊಸದಾಗಿ ದಾವಾ ಹೂಡಿದರೆ ಕಾಲ ಕಳೆದ ಕಾರಣದಿಂದ ಎದುರಾಳಿ ಗೆಲ್ಲುವನು. ಹಳೆಯ ದಾವಾದ ಬೆನ್ನ ಮೇಲೆ ಹೊಸ ಹೊರೆಯನ್ನೇರಿಸಿ ಅವನಿಗೆ ಬಂದಿರುವ ಆ ರಕ್ಷಣೆಯನ್ನು ಕಸಿದುಕೊಂಡರೆ ಖರ್ಚಿನ ಹಣ ಅದಕ್ಕೆ ಸಮವಾಗಲಾರದು.

ತಿದ್ದುಪಡಿಯ ಶಾಸ್ತ್ರವೆಲ್ಲವೂ ಈ ಎರಡು ದಡಗಳ ನಡುವೆ ಹರಿಯುವ ಹೊಳೆ. ಒಂದು ದಡದಲ್ಲಿ, ತಪ್ಪಿಗಾಗಿ ಹಕ್ಕನ್ನು ಕಳೆದುಕೊಳ್ಳಬಾರದೆಂಬ ಕರುಣೆ. ಇನ್ನೊಂದರಲ್ಲಿ, ಒಬ್ಬನ ತಪ್ಪನ್ನು ತಿದ್ದಲು ಇನ್ನೊಬ್ಬನ ಹಕ್ಕನ್ನು ಅಳಿಸಬಾರದೆಂಬ ನ್ಯಾಯ.

ನಮ್ಮ ದೇಶದ ಸಿವಿಲ್ ವ್ಯವಹಾರ ಸಂಹಿತೆಯು ೧೯೦೮ರದು. ೧೯೦೯ನೆಯ ಇಸವಿ ಜನವರಿ ೧ರಿಂದ ಆಚರಣೆಗೆ ಬಂದು, ಹಲವು ತಿದ್ದುಪಡಿಗಳೊಡನೆ ಈಗಲೂ ನಡೆಯುತ್ತಿದೆ. ಅದರ ಆರನೆಯ ಆರ್ಡರಿನ ಹದಿನೇಳನೆಯ ನಿಯಮವೇ ನಮ್ಮ ವಿಷಯ. ದಾವಾದ ಯಾವ ಘಟ್ಟದಲ್ಲಿಯಾದರೂ ನ್ಯಾಯಸ್ಥಾನವು ಉಚಿತವೆಂದು ತೋರಿದ ಷರತ್ತುಗಳ ಮೇಲೆ ವಾದಿಗಾಗಲಿ ಪ್ರತಿವಾದಿಗಾಗಲಿ ತನ್ನ ಬರೆಹವನ್ನು ತಿದ್ದಲು ಅನುಮತಿ ಕೊಡಬಹುದು ಎಂಬುದು ಅದರ ಮೊದಲ ಭಾಗ. ಉಭಯರ ನಡುವಣ ನಿಜವಾದ ವಿವಾದವನ್ನು ತೀರ್ಮಾನಿಸಲು ಅವಶ್ಯಕವಾದ ತಿದ್ದುಪಡಿಗಳನ್ನೆಲ್ಲ ಮಾಡತಕ್ಕದ್ದು ಎಂಬುದು ಎರಡನೆಯದು. ಮೊದಲ ಭಾಗದಲ್ಲಿ ಇರುವುದು ‘ಬಹುದು’. ಎರಡನೆಯದರಲ್ಲಿ ಇರುವುದು ‘ತಕ್ಕದ್ದು’. ಶ್ರೋತೃಗಳು ಈ ಎರಡು ಕ್ರಿಯಾಪದಗಳ ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ. ವಿವಾದದ ತಿರುಳಿಗೆ ತಿದ್ದುಪಡಿ ಬೇಕೇಬೇಕಾಗಿದ್ದರೆ ನ್ಯಾಯಾಧಿಪತಿಗಳ ಕೈ ಬಹುಮಟ್ಟಿಗೆ ಕಟ್ಟಿದಂತೆಯೇ ಸರಿ.

ಸಂಹಿತೆ ಆಚರಣೆಗೆ ಬಂದ ವರ್ಷವೇ, ಎಂದರೆ ೧೯೦೯ರಲ್ಲಿ, ಮುಂಬಯಿಯ ಉಚ್ಚ ನ್ಯಾಯಸ್ಥಾನದಲ್ಲಿ ಒಂದು ಮೊಕದ್ದಮೆ ತೀರ್ಮಾನವಾಯಿತು. ಪಾಲುದಾರಿಕೆಯ ಕರಾರಿನಂತೆ ತಾನು ಪ್ರತಿವಾದಿಗಳಿಗೆ ೪,೦೦೧ ರೂಪಾಯಿ ಬೆಲೆಯ ಬಟ್ಟೆಯನ್ನು ಒಪ್ಪಿಸಿದೆನೆಂದು ಹೇಳಿ, ಪಾಲುದಾರಿಕೆಯನ್ನು ಮುರಿದು ಲೆಕ್ಕ ಒಪ್ಪಿಸಬೇಕೆಂದು ವಾದಿಯು ಬೇಡಿದ್ದನು. ಬಟ್ಟೆ ಕೊಟ್ಟದ್ದು ನಿಜ, ಪಾಲುದಾರಿಕೆ ಮಾತ್ರ ಏರ್ಪಟ್ಟಿರಲಿಲ್ಲವೆಂದು ಕೆಳಗಿನ ನ್ಯಾಯಸ್ಥಾನ ಹೇಳಿತು. ವಿಚಿತ್ರವಾದ ಪರಿಸ್ಥಿತಿ! ಸರಕು ಹೋದದ್ದು ರುಜುವಾತಾಗಿದೆ. ಕೇಳಿದ ಪರಿಹಾರ ಸಿಕ್ಕುವಂತಿಲ್ಲ. ಅಪೀಲಿನಲ್ಲಿ ವಾದಿಯು ಪಾಲುದಾರಿಕೆಯ ಮಾತನ್ನೇ ಬಿಟ್ಟು, ಬಟ್ಟೆಯ ಬೆಲೆ ೪,೦೦೧ ರೂಪಾಯಿಗಳನ್ನು ಕೊಡಿಸಬೇಕೆಂಬ ಬೇಡಿಕೆಯನ್ನು ಸೇರಿಸಲು ಅನುಮತಿ ಕೇಳಿದನು. ಆ ವೇಳೆಗೆ ಹಣದ ಬೇಡಿಕೆಗೆ ಕಾಲಮಿತಿ ದಾಟಿತ್ತು. ಆದರೂ ಅನುಮತಿ ದೊರೆಯಿತು. ಯಾಕೆಂದರೆ ಹೊಸ ಸಂಗತಿ ಯಾವುದೂ ಸೇರಲಿಲ್ಲ; ಬಟ್ಟೆ ಕೊಟ್ಟ ಕಥೆ ಮೊದಲಿನಿಂದಲೂ ವಾದಪತ್ರದಲ್ಲಿಯೇ ಇತ್ತು; ಅದಕ್ಕೆ ಪ್ರತಿವಾದಿಯು ಉತ್ತರ ಕೊಟ್ಟು ಸಾಕ್ಷ್ಯವನ್ನೂ ನಡೆಸಿದ್ದನು. ವೆಲ್ಡನ್ನಳ ಮೊಕದ್ದಮೆಯಿಂದ ಇದು ಬೇರೆಯಾಗುವುದು ಇಲ್ಲಿಯೇ. ಅಲ್ಲಿ ಹೊಸ ಕಥೆ; ಇಲ್ಲಿ ಹಳೆಯ ಕಥೆಗೆ ಸರಿಯಾದ ಹೆಸರು.

ಆ ತೀರ್ಪಿನಲ್ಲಿ ಬ್ಯಾಚಲರ್ ಎಂಬ ನ್ಯಾಯಾಧಿಪತಿಯು ಒರೆಗಲ್ಲೊಂದನ್ನು ಕೊಟ್ಟನು. ತಿದ್ದುಪಡಿಯಿಂದ ಎದುರಾಳಿಗೆ ಅನ್ಯಾಯವಾಗಕೂಡದು. ನಿಜವಾದ ವಿವಾದದ ತೀರ್ಮಾನಕ್ಕೆ ಅದು ಅವಶ್ಯಕವಾಗಿರಬೇಕು. ಬರೆಹವು ಮೊದಲೇ ಸರಿಯಾಗಿದ್ದಿದ್ದರೆ ಎದುರಾಳಿ ಯಾವ ಸ್ಥಿತಿಯಲ್ಲಿ ಇರುತ್ತಿದ್ದನೋ ಅದೇ ಸ್ಥಿತಿಗೆ ಅವನನ್ನು ಈಗ ತಂದು ನಿಲ್ಲಿಸಲು ಸಾಧ್ಯವೆ? ಸಾಧ್ಯವಾದರೆ ಅನುಮತಿ ಕೊಡಬೇಕು. ಸಾಧ್ಯವಿಲ್ಲದೆ, ಆದ ಹಾನಿಯು ಖರ್ಚಿನಿಂದ ತೀರದಿದ್ದರೆ ನಿರಾಕರಿಸಬೇಕು. ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೫೭ರಲ್ಲಿ ಈ ಒರೆಗಲ್ಲನ್ನು ತನ್ನದೆಂದು ಸ್ವೀಕರಿಸಿತು. ಅದೇ ವರ್ಷ ಜಾರ್ಡಿನ್ ಸ್ಕಿನ್ನರ್ ಕಂಪನಿಯ ಮೊಕದ್ದಮೆಯಲ್ಲಿ, ಸರಕನ್ನು ಅನ್ಯಾಯವಾಗಿ ತಮ್ಮದಾಗಿಸಿಕೊಂಡರೆಂಬ ಆಪಾದನೆಯ ಮೇಲೆ ನಿಂತಿದ್ದ ದಾವಾವನ್ನು, ಕರಾರು ಮುರಿದದ್ದಕ್ಕೆ ನಷ್ಟಪರಿಹಾರವೆಂದು ತಿದ್ದಿಕೊಳ್ಳಲು ಅಪೀಲಿನ ಕಟ್ಟಕಡೆಯ ಮೆಟ್ಟಿಲಿನಲ್ಲಿ, ಕಾಲಮಿತಿ ಕಳೆದಿದ್ದಾಗ್ಯೂ, ಅನುಮತಿ ಕೊಟ್ಟಿತು. ಕಾಲಮಿತಿ ದಾಟಿರುವುದು ತೂಗಿನೋಡಬೇಕಾದ ಒಂದು ಕಾರಣವೇ ಹೊರತು ನ್ಯಾಯಸ್ಥಾನದ ಅಧಿಕಾರವನ್ನೇ ಕಿತ್ತುಕೊಳ್ಳುವಂಥದ್ದಲ್ಲ ಎಂಬ ಅಭಿಪ್ರಾಯವನ್ನು ಪ್ರಿವಿ ಕೌನ್ಸಿಲಿನ ಲಾರ್ಡ್ ಬಕ್‌ಮಾಸ್ಟರನು ೧೯೨೦ರಲ್ಲಿಯೇ ಹೇಳಿದ್ದನು.

ಅದೇ ಬಕ್‌ಮಾಸ್ಟರನು ಮರುವರ್ಷ ಬರ್ಮಾದಿಂದ ಬಂದ ಅಪೀಲಿನಲ್ಲಿ ಇನ್ನೊಂದು ದಡವನ್ನೂ ತೋರಿಸಿದನು. ೧೯೧೨ರ ಕರಾರೊಂದನ್ನು ಆಧಾರಮಾಡಿ ವಾದಿಯು ದಾವಾ ಹೂಡಿದ್ದನು. ಆ ಕರಾರು ರುಜುವಾತಾಗಲಿಲ್ಲ. ಆಗ ೧೯೦೩ರ ಬೇರೊಂದು ಕರಾರನ್ನು ಅದರ ಜಾಗದಲ್ಲಿ ಇಡಹೋದನು. ಕೋರ್ಟಿನ ನಿಯಮಗಳು ನ್ಯಾಯಕ್ಕೆ ಸೇವಕರೆಂಬುದನ್ನು ಒಪ್ಪಿಯೂ, ಒಂದು ವ್ಯಾಜ್ಯವನ್ನು ತೆಗೆದು ಮತ್ತೊಂದನ್ನು ಅದರ ಪೀಠದಲ್ಲಿ ಕೂರಿಸುವ ಅಧಿಕಾರ ಯಾವ ನಿಯಮದಲ್ಲಿಯೂ ಇಲ್ಲವೆಂದು ಪ್ರಿವಿ ಕೌನ್ಸಿಲು ತಿಳಿಸಿತು. ಗೋಡೆಗೆ ಸುಣ್ಣ ಬಳಿಯಬಹುದು, ಕಿಟಕಿ ಇಡಬಹುದು, ಬಾಗಿಲನ್ನೂ ಬದಲಾಯಿಸಬಹುದು. ಪಕ್ಕದ ನಿವೇಶನಕ್ಕೆ ಮನೆಯನ್ನು ಎತ್ತಿಡಲಾಗದು.

ಈಗ ನಮ್ಮ ಗೃಹಸ್ಥನ ಬಳಿಗೆ ಮರಳೋಣ. ಚೆಕ್ಕುಬಂದಿಯ ತಪ್ಪು ಅತ್ಯಂತ ಹಗುರವಾದದ್ದು. ಯಾವ ಸ್ವತ್ತಿನ ವಿಷಯ ಜಗಳವೆಂಬುದು ಉಭಯರಿಗೂ ತಿಳಿದೇ ಇದೆ. ಇದನ್ನು ತಿದ್ದಲು ಯಾವ ನ್ಯಾಯಾಧಿಪತಿಯೂ ಹಿಂದೆಗೆಯಲಾರನು. ಆದರೆ ತಿದ್ದದೆ ಬಿಟ್ಟರೆ ಡಿಕ್ರಿಯೂ ಅದೇ ತಪ್ಪು ಚೆಕ್ಕುಬಂದಿಯೊಡನೆ ಹೊರಬಿದ್ದು, ಅಮೀನನು ಸ್ವಾಧೀನ ಕೊಡಿಸಲು ಬಂದ ದಿನ ಎದುರಾಳಿಯು ನಕ್ಕು ಬಾಗಿಲು ಹಾಕಿಕೊಳ್ಳುವನು. ಹೆಸರಿನ ತಪ್ಪೂ ಇದೇ ಜಾತಿಯದು. ಮರಮುಟ್ಟು ಮಾರಿದ ವರ್ತಕನೊಬ್ಬನು ತನ್ನ ಸ್ವಂತ ಹೆಸರಿಗೆ ಬದಲಾಗಿ ಅಂಗಡಿಯ ಹೆಸರಿನಲ್ಲಿ ದಾವಾ ಹೂಡಿದ್ದ ಕಾರಣದಿಂದ ಅವನ ಬಾಕಿಹಣವೇ ಮುಳುಗುವ ಹಂತಕ್ಕೆ ಬಂದಿತ್ತು. ೧೯೬೯ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜೆ. ಸಿ. ಷಾ ಅವರು, ತಪ್ಪು, ಅಲಕ್ಷ್ಯ, ಅನವಧಾನ ಇವು ಯಾವುವೂ ನ್ಯಾಯವಾದ ಪರಿಹಾರವನ್ನು ನಿರಾಕರಿಸಲು ಸಾಲದೆಂದು ಹೇಳಿ ಅವನನ್ನು ಉಳಿಸಿದರು.

ಸ್ವಾಧೀನದ ಬೇಡಿಕೆಯನ್ನು ಬಿಟ್ಟದ್ದು ನೋಡಲು ಹಿರಿದಾದ ತಪ್ಪು. ಆದರೆ ೧೯೬೩ರ ನಿರ್ದಿಷ್ಟ ಪರಿಹಾರ ಕಾಯಿದೆಯ ೨೨ನೆಯ ಪ್ರಕರಣವು ಇಂಥ ಗೃಹಸ್ಥರನ್ನು ಮುಂದಾಗಿ ಕಂಡೇ ಬರೆದಂತಿದೆ. ಕ್ರಯದ ಕರಾರಿನ ಪಾಲನೆಗೆ ದಾವಾ ಹೂಡಿದವನು ಸ್ವಾಧೀನವನ್ನು ಕೇಳದೆ ಬಿಟ್ಟಿದ್ದರೆ, ವ್ಯಾಜ್ಯದ ಯಾವ ಘಟ್ಟದಲ್ಲಿಯಾದರೂ ನ್ಯಾಯವಾದ ಷರತ್ತುಗಳ ಮೇಲೆ ಅದನ್ನು ಸೇರಿಸಿಕೊಳ್ಳಲು ಬಿಡತಕ್ಕದ್ದು ಎಂಬುದು ಅದರ ವಿಧಿ. ಹಾಗಲ್ಲದೆ ಅದೇ ಗೃಹಸ್ಥನು, ಪಕ್ಕದ ನಿವೇಶನವನ್ನೂ ಮಾರುವೆನೆಂದು ಎದುರಾಳಿಯು ಆ ದಿನ ಬಾಯಿಮಾತಿನಲ್ಲಿ ಹೇಳಿದ್ದನೆಂದು ಏಳು ವರ್ಷಗಳ ಮೇಲೆ ಜ್ಞಾಪಿಸಿಕೊಂಡು ಅದನ್ನೂ ಸೇರಿಸಲು ಬಂದರೆ? ಅದು ಬರ್ಮಾದ ವಾದಿಯ ದಾರಿ.

ವಾದಿಯು ಹೊಸ ಬೇಡಿಕೆಯನ್ನು ತರುವಾಗ ಇರುವಷ್ಟು ಬಿಗಿ ಪ್ರತಿವಾದಿಯು ಹೊಸ ರಕ್ಷಣೆಯನ್ನು ತರುವಾಗ ಇರುವುದಿಲ್ಲ. ಒಂದಕ್ಕೊಂದು ಹೊಂದದ ರಕ್ಷಣೆಗಳನ್ನೂ ಅವನು ಮುಂದಿಡಬಹುದು. ಆದರೆ ಒಮ್ಮೆ ಒಪ್ಪಿಕೊಂಡದ್ದನ್ನು ನುಂಗಿಬಿಡಲು ಅವನಿಗೆ ಸ್ವಾತಂತ್ರ್ಯವಿಲ್ಲ. ೧೯೭೬ರಲ್ಲಿ ತೀರ್ಮಾನವಾದ ಮೋದಿ ಸ್ಪಿನ್ನಿಂಗ್ ಕಂಪನಿಯ ಮೊಕದ್ದಮೆಯಲ್ಲಿ, ವಾದಿಯೊಡನೆ ತನಗಿದ್ದ ವ್ಯಾಪಾರಸಂಬಂಧವನ್ನು ಪ್ರತಿವಾದಿ ಕಂಪನಿಯು ಒಂದು ರೀತಿಯಾಗಿ ಬರೆದುಕೊಟ್ಟು, ಸುಮಾರು ಮೂರು ವರ್ಷಗಳಾದ ಮೇಲೆ ಆ ಎರಡು ಪರಿಚ್ಛೇದಗಳನ್ನೇ ತೆಗೆದು ಬೇರೆ ಇಡಹೋಯಿತು. ಒಪ್ಪಿಗೆಯಿಂದ ವಾದಿಗೆ ದೊರೆತಿದ್ದ ನೆಲೆಯನ್ನು ತಿದ್ದುಪಡಿಯ ನೆಪದಿಂದ ಕುಸಿಯಗೊಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು ನಿರಾಕರಿಸಿತು. ಕಲ್ಯಾಣದ ಪಂಡಿತರು ಅನ್ಯವಾದಿಯೆಂದು ಕರೆದದ್ದು ಇಂಥವರನ್ನೇ ಇರಬೇಕು.

ಇಷ್ಟು ಉದಾರವಾದ ನಿಯಮಕ್ಕೆ ವಿಪತ್ತು ಬಂದದ್ದು ಅದರ ಔದಾರ್ಯದಿಂದಲೇ. ವ್ಯಾಜ್ಯವು ಸೋಲುವ ಹಾದಿಯಲ್ಲಿದೆಯೆಂದು ತೋರಿದೊಡನೆ ತಿದ್ದುಪಡಿಯ ಅರ್ಜಿ, ಅದಕ್ಕೆ ಆಕ್ಷೇಪಣೆ, ಅದರ ಮೇಲೆ ವಾದ, ಅಪ್ಪಣೆಯ ಮೇಲೆ ಮೇಲಿನ ನ್ಯಾಯಾಲಯಕ್ಕೆ ಓಟ. ಹೀಗೆ ವರ್ಷಗಳನ್ನು ನುಂಗುವ ಸಾಧನವಾಗಿ ಹದಿನೇಳನೆಯ ನಿಯಮವು ಬಳಕೆಯಾಗತೊಡಗಿತು. ಖರ್ಚೆಂಬ ದಿವ್ಯೌಷಧದ ವಿಷಯದಲ್ಲಿ ಇಂಗ್ಲೆಂಡಿನವರಿಗೂ ಸಂಶಯ ಹುಟ್ಟಿತ್ತು. ೧೯೮೭ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸಭೆಯ ಲಾರ್ಡ್ ಗ್ರಿಫಿತ್ಸನು, ನ್ಯಾಯವನ್ನು ಯಾವಾಗಲೂ ಹಣದಿಂದ ಅಳೆಯಲಾಗದು, ವ್ಯಾಜ್ಯವು ಮನುಷ್ಯನ ಮೇಲೆ ತರುವ ಆಯಾಸ, ಆತಂಕ, ಹುಸಿಯಾದ ಭರವಸೆ ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಹೇಳಿದನು. ವ್ಯಾಜ್ಯದ ಮನೆಯಲ್ಲಿ ಒಂದೆರಡು ರಾತ್ರಿ ಕಳೆದವರಿಗೆ ಈ ಮಾತಿಗೆ ವ್ಯಾಖ್ಯಾನ ಬೇಡ.

ನಮ್ಮ ಸಂಸತ್ತು ೧೯೯೯ರ ಕಾಯಿದೆಯಿಂದ ಹದಿನೇಳನೆಯ ನಿಯಮವನ್ನೇ ತೆಗೆದುಹಾಕಲು ಗೊತ್ತುಮಾಡಿತು. ನೆಗಡಿಯೆಂದು ಮೂಗನ್ನು ಕೊಯ್ಯುವ ಚಿಕಿತ್ಸೆಯಿದು ಎಂದು ನಮ್ಮ ಅಭಿಪ್ರಾಯ. ವಕೀಲವರ್ಗದವರ ವಿರೋಧ ಪ್ರಬಲವಾಗಿದ್ದುದರಿಂದ ಆ ಕಾಯಿದೆ ಒಡನೆಯೇ ಆಚರಣೆಗೆ ಬರಲಿಲ್ಲ. ೨೦೦೨ರಲ್ಲಿ ಇನ್ನೊಂದು ಕಾಯಿದೆ ಮಾಡಿ ನಿಯಮವನ್ನು ಮರಳಿ ಕೂರಿಸಿದರು. ಜೊತೆಗೆ ಒಂದು ಕಟ್ಟನ್ನೂ ಹಾಕಿದರು. ವಿಚಾರಣೆಯು ಆರಂಭವಾದ ಮೇಲೆ ತಿದ್ದುಪಡಿಗೆ ಅನುಮತಿ ಕೊಡತಕ್ಕದ್ದಲ್ಲ; ತಕ್ಕ ಜಾಗರೂಕತೆಯನ್ನು ವಹಿಸಿದ್ದಾಗ್ಯೂ ಆ ಸಂಗತಿಯನ್ನು ವಿಚಾರಣೆಗೆ ಮುಂಚೆ ಎತ್ತಲು ಸಾಧ್ಯವಾಗಲಿಲ್ಲವೆಂದು ನ್ಯಾಯಸ್ಥಾನಕ್ಕೆ ಮನವರಿಕೆಯಾದರೆ ಮಾತ್ರ ಕೊಡಬಹುದು. ೨೦೦೨ನೆಯ ಇಸವಿ ಜುಲೈ ೧ರಿಂದ ಇದೇ ಕಾಯಿದೆ. ಅದಕ್ಕೆ ಮುಂಚೆ ಸಲ್ಲಿಸಿದ ವಾದಪತ್ರಗಳಿಗೆ ಈ ಕಟ್ಟು ತಾಕುವುದಿಲ್ಲ.

ಉತ್ತರ ಬರುವವರೆಗೆ ಎಂದು ಮಿತಾಕ್ಷರ ಎಳೆದ ಗೆರೆಯೂ, ವಿಚಾರಣೆಯ ಆರಂಭದವರೆಗೆ ಎಂದು ಸಂಸತ್ತು ಎಳೆದ ಗೆರೆಯೂ ಹತ್ತಿರದ ನೆಂಟರು. ಹೊಸ ಗೆರೆಯು ಸ್ವಲ್ಪ ಮುಂದಕ್ಕೆ ಸರಿದಿದೆ, ಒಂದು ಕಿಂಡಿಯೂ ಅದರಲ್ಲಿದೆ, ಅಷ್ಟೇ ಭೇದ. ಆದರೆ ವಿಚಾರಣೆ ಎಂದಿಗೆ ಆರಂಭವಾಯಿತೆಂದು ಹೇಳುವುದು ಹೇಗೆ? ವಿವಾದಾಂಶಗಳನ್ನು ಗೊತ್ತುಮಾಡಿದ ದಿನವೆಂದು ಒಂದು ಮಾತು ತೀರ್ಪುಗಳಲ್ಲಿ ಇದೆ. ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೮ರಲ್ಲಿ, ಸಾಕ್ಷಿಯ ಮುಖ್ಯ ಹೇಳಿಕೆಯನ್ನು ಪ್ರಮಾಣಪತ್ರದ ರೂಪದಲ್ಲಿ ಸಲ್ಲಿಸಿದ ದಿನವೇ ವಿಚಾರಣೆ ಆರಂಭವಾದಂತೆ ಎಂದು ತಿಳಿಸಿ, ೨೦೦೨ರ ಕಟ್ಟನ್ನು ಮೀರಿ ಅನುಮತಿ ಕೊಡಲು ನ್ಯಾಯಸ್ಥಾನಗಳಿಗೆ ಅಧಿಕಾರವಿಲ್ಲವೆಂದು ಸಾರಿತು. ಸಾಕ್ಷಿಕಟ್ಟೆಗೆ ಯಾರೂ ಇನ್ನೂ ಹತ್ತಿಲ್ಲವಲ್ಲಾ ಎಂದು ನೆಮ್ಮದಿಯಿಂದಿರುವ ಕಕ್ಷಿಗಾರನು ಇದನ್ನು ಗಮನಿಸತಕ್ಕದ್ದು. ಸದ್ದಿಲ್ಲದೆ ಸಲ್ಲಿಸಿದ ಒಂದು ಕಾಗದದಿಂದ ಬಾಗಿಲು ಮುಕ್ಕಾಲುಪಾಲು ಮುಚ್ಚಿರುತ್ತದೆ.

ತಕ್ಕ ಜಾಗರೂಕತೆ ಎಂಬುದಕ್ಕೆ ಅಳತೆಗೋಲಿಲ್ಲ. ದಾವಾ ಹೂಡಿದ ತರುವಾಯ ನಡೆದ ಸಂಗತಿಯನ್ನು ಮೊದಲೇ ಬರೆಯಲು ಯಾರಿಗೂ ಸಾಧ್ಯವಿಲ್ಲ. ಎದುರಾಳಿಯು ಬಚ್ಚಿಟ್ಟಿದ್ದ ಕಾಗದವು ನಡುವೆ ಹೊರಬಿದ್ದರೆ ಅದೂ ಹಾಗೆಯೇ. ಆದರೆ ತನ್ನ ಪೆಟ್ಟಿಗೆಯಲ್ಲಿಯೇ ಇದ್ದ ಪತ್ರವನ್ನು ಐದು ವರ್ಷ ಓದಲಿಲ್ಲವೆಂಬುದು ಜಾಗರೂಕತೆಯ ಲಕ್ಷಣವಲ್ಲ. ವಕೀಲರು ಬದಲಾದರು ಎಂಬ ಕಾರಣವನ್ನು ಅರ್ಜಿಗಳಲ್ಲಿ ಕಾಣುವುದು ವಾಡಿಕೆ. ಅದೊಂದರಿಂದಲೇ ಕಿಂಡಿ ತೆರೆದೀತೆಂದು ನಂಬಿ ಕೂರುವುದು ವಿವೇಕವಲ್ಲ. ಇನ್ನೊಂದು ಕಡೆ, ಬರಿಯ ಕಾಲವಿಳಂಬದಿಂದ ಭಯಪಡಬೇಕಾದುದಿಲ್ಲ. ೨೦೦೨ರಲ್ಲಿ ತಮಿಳುನಾಡಿನ ಒಂದು ಮೊಕದ್ದಮೆಯಲ್ಲಿ, ಬರಿಯ ನಿರ್ಬಂಧಾಜ್ಞೆಗಾಗಿ ೧೯೮೮ರಲ್ಲಿ ದಾವಾ ಹೂಡಿದ್ದವನು, ವ್ಯಾಜ್ಯ ನಡೆಯುತ್ತಿರುವಾಗಲೇ ತನ್ನನ್ನು ಜಮೀನಿನಿಂದ ಹೊರಡಿಸಿದರೆಂದು ಹೇಳಿ, ಹನ್ನೊಂದು ವರ್ಷಗಳ ಮೇಲೆ ಹಕ್ಕಿನ ಘೋಷಣೆಯನ್ನೂ ಸ್ವಾಧೀನವನ್ನೂ ಸೇರಿಸಲು ಬಂದನು. ವಿಚಾರಣೆ ಇನ್ನೂ ಆರಂಭವಾಗಿರಲಿಲ್ಲ, ಅನುಮತಿ ದೊರೆಯಿತು. ಬೇರೆ ದಾವಾ ಹೂಡು ಎಂದು ಕಳುಹಿಸಿದರೆ ವ್ಯಾಜ್ಯಗಳ ಸಂಖ್ಯೆ ಬೆಳೆಯುವುದಲ್ಲದೆ ಬೇರೇನೂ ಆಗದೆಂಬುದು ನ್ಯಾಯಮೂರ್ತಿ ಲಾಹೋಟಿಯವರ ವಿವೇಕ. ೨೦೨೨ರಲ್ಲಿ ಜೀವವಿಮಾ ನಿಗಮದ ಮೊಕದ್ದಮೆಯಲ್ಲಿ ಇನ್ನೂ ಆಶ್ಚರ್ಯಕರವಾದ ಸಂದರ್ಭ ಒದಗಿತು. ೧೯೮೬ರ ದಾವಾ; ತಿದ್ದುಪಡಿ ಕೇಳಿದ್ದು ೩೧ ವರ್ಷಗಳ ತರುವಾಯ; ಬೇಡಿದ್ದು, ಒಂದು ಕೋಟಿ ಚಿಲ್ಲರೆಯಷ್ಟಿದ್ದ ನಷ್ಟಪರಿಹಾರದ ಮೊತ್ತವನ್ನು ನಾನ್ನೂರು ಕೋಟಿಗೂ ಮೇಲಕ್ಕೆ ಏರಿಸಲು! ಕರಾರಿನ ಪಾಲನೆಗೆ ಬದಲಾಗಿ ನಷ್ಟಪರಿಹಾರವನ್ನು ಕೇಳುವ ತಿದ್ದುಪಡಿಯನ್ನು ಯಾವ ಘಟ್ಟದಲ್ಲಿಯಾದರೂ ಅನುಮತಿಸತಕ್ಕದ್ದೆಂದು ನಿರ್ದಿಷ್ಟ ಪರಿಹಾರ ಕಾಯಿದೆಯೇ ಹೇಳುವುದರಿಂದ, ವಿಳಂಬವೊಂದೇ ನಿರಾಕರಣೆಗೆ ಸಾಲದೆಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅಷ್ಟು ಹಣ ಬರಬೇಕೋ ಬೇಡವೋ ಎಂಬುದು ಬೇರೆ ಮಾತು. ತಿದ್ದುಪಡಿಯ ಘಟ್ಟದಲ್ಲಿ ಹೊಸ ಮಾತಿನ ಸತ್ಯಾಸತ್ಯವನ್ನು ವಿಚಾರಿಸುವುದಿಲ್ಲ. ಅದನ್ನು ಹೇಳಗೊಡಬೇಕೆ ಎಂಬಷ್ಟನ್ನೇ ನೋಡುವುದು.

ಖರ್ಚಿನ ವಿಷಯದಲ್ಲಿ ನಮಗೆ ಒಂದು ಅಸಮಾಧಾನವಿದೆ. ತಿದ್ದುಪಡಿಗೆಂದು ವಿಧಿಸುವ ಖರ್ಚು ಅನೇಕ ವೇಳೆ ಎದುರಾಳಿಯ ಒಂದು ದಿನದ ಓಡಾಟಕ್ಕೂ ಸಾಲದಷ್ಟು ಅಲ್ಪವಾಗಿರುತ್ತದೆ. ಔಷಧಿಯ ಪ್ರಮಾಣ ಕಡಮೆಯಾದರೆ ರೋಗ ವಾಸಿಯಾದೀತೆ? ೨೦೦೯ರಲ್ಲಿ ಕರ್ನಾಟಕದಿಂದ ಹೋದ ರೇವಜೀತು ಬಿಲ್ಡರ್ಸ್ ಎಂಬ ಸಂಸ್ಥೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಮಾತನ್ನು ವಿಶದವಾಗಿ ಎತ್ತಿಕೊಂಡಿತು. ತಿದ್ದುಪಡಿಯು ಯಾವ ಘಟ್ಟದಲ್ಲಿ ಬಂತು, ಅದರಿಂದ ಎಷ್ಟು ವಾಯಿದೆಗಳು ವ್ಯರ್ಥವಾದವು, ಎದುರಾಳಿಗೆ ನಿಜವಾಗಿ ಎಷ್ಟು ವೆಚ್ಚವಾಯಿತು ಎಂಬುದನ್ನೆಲ್ಲ ನೋಡಿ ಖರ್ಚನ್ನು ಗೊತ್ತುಮಾಡಬೇಕು. ನಾಮಮಾತ್ರದ ಖರ್ಚು ಖರ್ಚಲ್ಲ ಎಂಬುದು ಅದರ ಅಭಿಪ್ರಾಯ. ಈ ಉಪದೇಶವು ಕೆಳಗಿನ ನ್ಯಾಯಸ್ಥಾನಗಳ ದಿನಚರಿಗೆ ಪೂರ್ತಿಯಾಗಿ ಇಳಿದರೆ, ೨೦೦೨ರ ಕಟ್ಟನ್ನು ಹಿಡಿದು ಜಗ್ಗುವ ಸಂದರ್ಭಗಳು ಬಹಳ ಮಟ್ಟಿಗೆ ಕಡಮೆಯಾಗುವುವು.

ಇನ್ನು ಕ್ರಮದ ವಿಷಯ ಬೇಗ ಮುಗಿಯುತ್ತದೆ. ಅರ್ಜಿಯೊಂದನ್ನೂ, ಅದಕ್ಕೆ ಕಾರಣಗಳನ್ನು ಹೇಳುವ ಪ್ರಮಾಣಪತ್ರವನ್ನೂ ಸಲ್ಲಿಸಬೇಕು. ಯಾವ ಪರಿಚ್ಛೇದದಲ್ಲಿ ಯಾವ ಪದಗಳನ್ನು ತೆಗೆದು ಯಾವುದನ್ನು ಇಡಬೇಕೆಂಬುದು ಅಕ್ಷರಶಃ ಅರ್ಜಿಯಲ್ಲಿ ಬರೆದಿರಬೇಕು. ಸೂಕ್ತವಾಗಿ ತಿದ್ದಲು ಅಪ್ಪಣೆಯಾಗಲಿ ಎಂಬ ಮೋಡದಂಥ ಬೇಡಿಕೆಯಿಂದ ಪ್ರಯೋಜನವಿಲ್ಲ. ಏಕೆ ಈಗ, ಏಕೆ ಮೊದಲಲ್ಲ ಎಂಬ ಪ್ರಶ್ನೆಗೆ ಪ್ರಮಾಣಪತ್ರದಲ್ಲಿ ನೇರವಾದ ಉತ್ತರವಿರತಕ್ಕದ್ದು. ಎದುರಾಳಿಗೆ ಆಕ್ಷೇಪಿಸಲು ಅವಕಾಶ ದೊರೆಯುವುದು. ಅನುಮತಿಯಾದ ಮೇಲೆ ಹೊಸ ಮಾತಿಗೆ ಹೊಸ ಜವಾಬನ್ನು ಕೊಡಲೂ ಅವಕಾಶವುಂಟು. ಬೇಡಿಕೆಯ ಬೆಲೆ ಹೆಚ್ಚಿದರೆ ಕೋರ್ಟ್ ಫೀಯ ವ್ಯತ್ಯಾಸವನ್ನು ತುಂಬಬೇಕು. ಒಪ್ಪಿತವಾದ ತಿದ್ದುಪಡಿಯು ಸಾಮಾನ್ಯವಾಗಿ ದಾವಾ ಹೂಡಿದ ದಿನದಿಂದಲೇ ಇದ್ದಂತೆ ಭಾವಿತವಾಗುತ್ತದೆ. ಕಾಲಮಿತಿಯ ತೊಡಕಿರುವ ಸಂದರ್ಭದಲ್ಲಿ ಹಾಗಲ್ಲವೆಂದು ನ್ಯಾಯಸ್ಥಾನವು ವಿಧಿಸಬಹುದು.

ಅಪ್ಪಣೆ ಸಿಕ್ಕಿತೆಂದು ಮನೆಗೆ ಹೋಗಿ ನಿದ್ದೆಮಾಡುವವರಿಗಾಗಿ ಹದಿನೆಂಟನೆಯ ನಿಯಮವೊಂದಿದೆ. ಗೊತ್ತುಮಾಡಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ ಅಪ್ಪಣೆಯಾದ ದಿನದಿಂದ ಹದಿನಾಲ್ಕು ದಿನಗಳೊಳಗೆ, ವಾದಪತ್ರವನ್ನು ನಿಜವಾಗಿ ತಿದ್ದಿ ಒಪ್ಪಿಸಬೇಕು. ತಪ್ಪಿದರೆ, ಅವಧಿಯನ್ನು ನ್ಯಾಯಸ್ಥಾನವು ವಿಸ್ತರಿಸಿದ ಹೊರತು, ಆಮೇಲೆ ತಿದ್ದುವುದಕ್ಕೆ ಅವಕಾಶವಿಲ್ಲ. ವರ್ಷಗಟ್ಟಲೆ ಹೋರಾಡಿ ಪಡೆದ ಅನುಮತಿಯು ಕಟ್ಟಿನೊಳಗೆ ಹಾಗೆಯೇ ಉಳಿಯುತ್ತದೆ. ವಾದಪತ್ರದಲ್ಲಿ ಪೂರ್ವವು ಪಶ್ಚಿಮವಾಗಿಯೇ ಇರುತ್ತದೆ.